ದೊಡ್ಡಮ್ಮನ ಹರಳೆಣ್ಣೆ

ನಮ್ಮ ದೊಡ್ಡಮ್ಮನ ಪ್ರಕಾರ ಈ ಭೂಮಿಯ ಮೇಲಿರುವುದು ಒಂದೇ ಕಾಯಿಲೆ. ಉಷ್ಣ! ಮಗ್ಗಿ ಮರೆತರೆ ಉಷ್ಣ, ಮೂಗಿನ ತುದಿಗೆ ಕೋಪ ಬಂದರೆ ಉಷ್ಣ, ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂದರೂ "ಇಬ್ಬರಿಗೂ ನೆತ್ತಿ ಕಾದಿದೆ, ಅಷ್ಟೆ!" ಇದಕ್ಕೆ ಔಷಧಿಯೂ ಒಂದೇ, ಹರಳೆಣ್ಣೆ. ಇಂಥವಳನ್ನು ಸರ್ಕಾರ ತೊಂಬತ್ತರ ದಶಕದಲ್ಲಿ ಹಳೇಕೋಟೆ ಕಡೆಯ ಒಂದು ಪ್ರಾಥಮಿಕ ಶಾಲೆಗೆ ಹೆಡ್‌ಮಿಸ್ ಮಾಡಿತು. ನಾನು ಓದಿದ್ದೂ ಅಲ್ಲೇ. ಬೇಕಾದರೆ ನನ್ನ ನೆತ್ತಿಯನ್ನು ಕೇಳಿ!

ಬೇರೆ ಶಾಲೆಗಳ ಬೀರುವಿನಲ್ಲಿ ಬೆತ್ತ ಇರುತ್ತಿತ್ತು, ನಮ್ಮದರಲ್ಲಿ ಎಣ್ಣೆ ಬಾಟಲಿ. ಅಳುವ ಮಗು, ಹೊಡೆದಾಡಿದ ಮಗು, ಏನೂ ತಿನ್ನದೆ ಬಂದು ತೂಕಡಿಸುವ ಮಗು, ಯಾರೇ ಆಗಲಿ ಸ್ಟೂಲಿನ ಮೇಲೆ ಕೂರಿಸಿ, ಅಂಗೈ ತುಂಬ ಎಣ್ಣೆ ಸುರಿದುಕೊಂಡು ನೆತ್ತಿಗೆ ತಪತಪ ತಟ್ಟುವಳು. ಕಣ್ಣು ತುಂಬಿ ಬಂದರೆ ಕಿವಿಯಲ್ಲಿ ಗುಟ್ಟಾಗಿ, "ಅತ್ತುಬಿಡು. ಯಾರಾದ್ರೂ ಕೇಳಿದ್ರೆ ಎಣ್ಣೆ ಕಣ್ಣಿಗೆ ಬಿತ್ತು ಅನ್ನು" ಎನ್ನುವಳು. ನಮ್ಮ ಪುಸ್ತಕದ ಹಾಳೆಗಳೂ ಎಣ್ಣೆ ಕುಡಿದು, ಈ ಪುಟ ಓದುವಾಗಲೇ ಆಚೆ ಪುಟವೂ ಕಾಣುತ್ತಿತ್ತು.

ದೊಡ್ಡವರಿಗೆ ವಿನಾಯಿತಿ ಇತ್ತೆಂದುಕೊಂಡಿರಾ? ಒಮ್ಮೆ ಇಬ್ಬರು ಮಿಸ್‌ಗಳು ಕಿಟಕಿ ಪಕ್ಕದ ಕುರ್ಚಿಗಾಗಿ ಜಗಳವಾಡಿ ಮಾತು ಬಿಟ್ಟರು. ದೊಡ್ಡಮ್ಮ ಇಬ್ಬರ ತಲೆಗೂ ಎಣ್ಣೆ ಹಾಕಿ, "ಈಗ ಒಬ್ಬರ ತಲೆ ಒಬ್ಬರು ಬಾಚಿ" ಎಂದಳು. ತಲೆ ಬಾಚುತ್ತ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲಾದೀತು, ನೀವೇ ಹೇಳಿ! "ಅಯ್ಯೋ, ನಿಮಗೆ ಹೇನಾಗಿದೆಯಲ್ರೀ!" ಎಂಬಲ್ಲಿಗೆ ಸಂಧಾನವಾಯಿತು. ಹೊಳೆನರಸೀಪುರದಿಂದ ತಪಾಸಣೆಗೆ ಬಂದು, ಗೋಡೆ ಸುಣ್ಣ ಕಂಡಿಲ್ಲವೆಂದು ಕೂಗಾಡಿದ ಸಾಹೇಬರೂ ನೆತ್ತಿ ತಟ್ಟಿಸಿಕೊಂಡು ಅವಳ ಕುರ್ಚಿಯಲ್ಲೇ ಗೊರಕೆ ಹೊಡೆದರು. ಎದ್ದವರು ಮಜ್ಜಿಗೆ ಕುಡಿದು ಹೊರಟರು, ಗೋಡೆಯ ಸುದ್ದಿ ಎತ್ತಲಿಲ್ಲ.

ಈ ಎಣ್ಣೆಗೆ ಜಗ್ಗದವರೆಂದರೆ ಚನ್ನರಾಯಪಟ್ಟಣದಿಂದ ಬರುತ್ತಿದ್ದ ಲೆಕ್ಕದ ಮೇಷ್ಟ್ರು. ಅವರು ಸ್ವಂತ ಬೆತ್ತ ತಂದಿದ್ದರು! "ಏಟು ಬೀಳ್ದೆ ಲೆಕ್ಕ ತಲೆಗೆ ಓಗಲ್ಲ ಮೇಡಂ" ಎನ್ನುವರು. ಊರಿನ ಮಕ್ಕಳಿಗೆಲ್ಲ ಇದ್ದಕ್ಕಿದ್ದಂತೆ ಹೊಟ್ಟೆನೋವು ಶುರುವಾಗಿ ಬೆಂಚುಗಳು ಖಾಲಿಯಾಗತೊಡಗಿದವು. ದೊಡ್ಡಮ್ಮನಿಗೆ ಅನ್ನ ಸೇರದಾಯಿತು. "ಆ ಬೆತ್ತ ಕೆಳಗಿಳಿಯದಿದ್ರೆ ನನ್ನ ಮಕ್ಕಳು ವಾಪಸ್ ಬರಲ್ಲ" ಎಂದು ಮನೆಯಲ್ಲಿ ಕಣ್ಣೀರು ಹಾಕಿದಳು. ಮಾರನೆಯ ದಿನ ಬೆತ್ತ ಎತ್ತಿದ ಕೈಯನ್ನೇ ಹಿಡಿದು ಮೇಷ್ಟ್ರನ್ನು ಸ್ಟೂಲಿಗೆ ಕರೆತಂದಳು. ಕಿಟಕಿಯಲ್ಲಿ ನಮ್ಮ ತಲೆಗಳ ಸಾಲು!

"ಬೆಳಿಗ್ಗೆ ಏನು ತಿಂದ್ರಿ ಮೇಷ್ಟ್ರೇ?"

"ಎಲ್ಲಿ ತಿನ್ನಾನ ಮೇಡಂ? ಅವ್ವ ಆಸಿಗೆ ಇಡಿದವ್ರೆ. ಮೈ ತೊಳ್ಸಿ, ಗಂಜಿ ಕುಡ್ಸಿ ಬಸ್ಸಿಗೆ ಓಡೋ ಒತ್ಗೆ..."

ನೆತ್ತಿಗೆ ಎಣ್ಣೆ ಬಿತ್ತು. ಆರಡಿ ಆಳು ಮಗುವಿನ ಹಾಗೆ ಬಿಕ್ಕಿದರು. "ಅಳಿ ಮೇಷ್ಟ್ರೇ, ಕೇಳಿದ್ರೆ ಎಣ್ಣೆ ಕಣ್ಣಿಗೆ ಬಿತ್ತು ಅನ್ನಿ" ಎಂದಳು ದೊಡ್ಡಮ್ಮ. ಅಂದಿನಿಂದ ಲೆಕ್ಕದ ಪಿರಿಯಡ್ಡು ಮಧ್ಯಾಹ್ನಕ್ಕೆ ಹೋಯಿತು, ನಮ್ಮ ಮನೆಯ ಉಪ್ಪಿಟ್ಟು ಮೇಷ್ಟ್ರ ಡಬ್ಬಿಗೆ ಬಂತು, ಬೆತ್ತ ಶಾಲೆಯ ಹೀರೆಬಳ್ಳಿಗೆ ಆಸರೆಯಾಯಿತು. ಹೊಟ್ಟೆನೋವುಗಳೆಲ್ಲ ವಾಸಿಯಾದವು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪ ತೀರಿಕೊಂಡರು. ಕಾರ್ಯವೆಲ್ಲ ಮುಗಿಸಿ ಶಾಲೆಗೆ ಬಂದ ದೊಡ್ಡಮ್ಮನ ತಲೆ ಒಣಗಿ ಕೆದರಿತ್ತು. ಎರಡನೇ ಕ್ಲಾಸಿನ ಒಬ್ಬ ಹುಡುಗಿ ಅವಳ ಮೇಜಿನ ಮೇಲೆ ನೀರು ಚೆಲ್ಲಿದಳು. ದೊಡ್ಡಮ್ಮ ಕೈ ಎತ್ತಿದಳು! ಎತ್ತಿದ ಕೈ ಹಾಗೇ ನಿಂತಿತು. ಅದು ತನ್ನದೇ ಕೈಯೇ ಎಂಬಂತೆ ನೋಡುತ್ತ ಸ್ಟೂಲಿನ ಮೇಲೆ ಕುಸಿದಳು.

ಹುಡುಗಿ ಹೆದರಲಿಲ್ಲ. "ಮಿಸ್ಸಿಗೆ ಉಷ್ಣ ಆಗೈತೆ ಕಣ್ರೋ" ಎಂದಳು.

ಲೆಕ್ಕದ ಮೇಷ್ಟ್ರು ಸದ್ದಿಲ್ಲದೆ ಬೀರು ತೆರೆದು, ಆ ಪುಟ್ಟ ಅಂಗೈಗೆ ಎಣ್ಣೆ ಸುರಿದರು. ಅವಳು ಬೆಂಚು ಹತ್ತಿ ದೊಡ್ಡಮ್ಮನ ನೆತ್ತಿಗೆ ತಪತಪ ತಟ್ಟತೊಡಗಿದಳು. ಮೇಷ್ಟ್ರು ಬಗ್ಗಿ ಮೆಲ್ಲಗೆ, "ಅತ್ಬುಡಿ ಮೇಡಂ. ಯಾರಾರ ಕೇಳಿದ್ರೆ ಎಣ್ಣೆ ಕಣ್ಣಿಗೆ ಬಿತ್ತು ಅನ್ನಿ" ಎಂದರು.

ಯಾರೂ ಕೇಳಲಿಲ್ಲ. ಅವತ್ತು ನಮ್ಮೆಲ್ಲರ ಕಣ್ಣಿಗೂ ಎಣ್ಣೆ ಬಿದ್ದಿತ್ತು.