ಸವಣೂರಿಗೆ ಹೋದರೆ ಎಮ್ಮೆ ಹಾಲು ಕೊಡುವುದಿಲ್ಲ

ಠಕ್! ಮೇಜಿನ ಮೇಲೆ ಮರದ ಸ್ಕೇಲು ಬಡಿದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಾನ್ವೆಂಟಿನ ಡಿಬೇಟ್ ಕ್ಲಾಸಿನಲ್ಲಿ ಯಾರಾದರೂ ಅಡ್ಡಾದಿಡ್ಡಿ ವಾದ ಹೂಡಿದರೆ ಸಿಸ್ಟರ್ ಹಾಗೆ ಬಡಿದು, "ಫಾಲಸಿ, ಚೈಲ್ಡ್!" ಎನ್ನುತ್ತಿದ್ದರು. ತಪ್ಪು ವಾದಗಳನ್ನು ಹೆಸರು ಹಿಡಿದು ಗುರುತಿಸುವ ಈ ವಿದ್ಯೆ ಕಲಿತು ನಾನು ಮದುವೆಯಾಗಿ ಬಂದದ್ದು ಅಕ್ಕಿಆಲೂರಿನ ರೈಸ್ ಮಿಲ್ ಮನೆತನಕ್ಕೆ. ಇಂಥ ಹೆಂಗಸು ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ! ಊಟಕ್ಕೆ ಕುಳಿತರೆ ತಾಟಿನ ತುಂಬ ಫಾಲಸಿಗಳೇ.

ಹೋದ ವರ್ಷ ನಡೆದದ್ದನ್ನೇ ಕೇಳಿ. ಕಾನ್ವೆಂಟಿನಲ್ಲಿ ನನ್ನ ಬೆಂಚ್‌ಮೇಟ್ ಆಗಿದ್ದ ಮೆಹರುನ್ನೀಸಾ ಸವಣೂರಿನಲ್ಲಿ ಹಾಸಿಗೆ ಹಿಡಿದಿದ್ದಳು. ಒಮ್ಮೆ ಹೋಗಿ ನೋಡಿ ಬಂದಿದ್ದೆ, ಮತ್ತೆ ಹೊರಟೆ. ನಮ್ಮ ಯಜಮಾನರು ಪೇಪರ್ ಮಡಿಚಿದರು.

"ಹ್ವಾದ ಸಲ ನೀ ಸವಣೂರಿಗೆ ಹೋಗಿ ಬಂದಿ, ಮರುದಿನ ಎಮ್ಮಿ ಹಾಲ ಕೊಡ್ಲಿಲ್ಲ. ಬ್ಯಾಡ."

"ಎಮ್ಮೀನೂ ಕರ್ಕೊಂಡು ಹೋಗಿದ್ನೇನ್ರಿ ನಾ? ಒಂದರ ಹಿಂದ ಒಂದು ಆದ್ರ, ಒಂದರಿಂದ ಒಂದು ಆದಂಗೇನು?"

"ಓಣ್ಯಾಗಿನ ಗೌರವ್ವ ಬಸ್ ಇಳಿಯೂವಾಗ ಬಿದ್ಲು, ಗೊತ್ತಿಲ್ಲೇನು? ವಯಸ್ಸಾದ ಮ್ಯಾಲ ಬಸ್ ಹತ್ತಬಾರ್ದು."

"ಆಕಿ ತಂಗಿ ಬಚ್ಚಲದಾಗ ಬಿದ್ಲು. ಜಳಕಾ ಬಿಡ್ಲೇನ್ರಿ?"

ಅಷ್ಟರಲ್ಲಿ ಮಗ ಬಾಗಿಲಿಗೆ ಬಂದು, "ಅವ್ವಾ, ಬಸ್ ಫ್ರೀ ಅಂತ ಇವತ್ತ ಸವಣೂರು ಅಂತಿ. ನಾಳೆ ಹುಬ್ಬಳ್ಳಿ ಅಂತಿ, ನಾಡಿದ್ದ ಕಾಶಿ" ಎಂದ. ಸ್ಲಿಪರಿ ಸ್ಲೋಪ್! ಒಂದು ಹೆಜ್ಜೆ ಇಟ್ಟರೆ ಕಾಶಿಯವರೆಗೆ ಜಾರಿಬಿಡುತ್ತೇನಂತೆ. ಅಷ್ಟು ಸಲೀಸಾಗಿ ಜಾರುವಂತಿದ್ದರೆ ನನ್ನ ಮೊಣಕಾಲಿಗೆ ಎಷ್ಟು ಉಪಕಾರವಾಗುತ್ತಿತ್ತು!

ಯಜಮಾನರು ಕೊನೆಯ ಅಸ್ತ್ರ ತೆಗೆದರು. "ಒಂದು, ಈ ಮನಿ ಬೇಕನ್ನು. ಇಲ್ಲಾ, ಸವಣೂರು ಬೇಕನ್ನು."

"ಮೂರನೇದೂ ಐತ್ರಿ. ಸಂಜಿಗೆ ಬರ್ತೇನಿ" ಎಂದು ಚಪ್ಪಲಿ ಮೆಟ್ಟಿದೆ. ಹಾನಗಲ್ಲಿನಲ್ಲಿ ಒಮ್ಮೆ, ಬಂಕಾಪುರದಲ್ಲಿ ಒಮ್ಮೆ ಬಸ್ ಬದಲಿಸಿದೆ; ಎಲ್ಲಿಯೂ ಬೀಳಲಿಲ್ಲ. ಬಿದ್ದಿದ್ದರೂ ಮನೆಯಲ್ಲಿ ಹೇಳುತ್ತಿರಲಿಲ್ಲ ಬಿಡಿ.

ಮೆಹರು ಬಹಳ ಇಳಿದುಹೋಗಿದ್ದಳು. ದಿಂಬಿಗೆ ಒರಗಿಸಿ ಗಂಜಿ ಕುಡಿಸಿದೆ, ಅರ್ಧ ಬಟ್ಟಲು ಕುಡಿದಳು. ಅವಳ ಸೊಸೆ ಬೆರಗಾಗಿ, "ನಿನ್ನೆ ಒಂದ ಚಮಚಾನೂ ತಗೊಂಡಿದ್ದಿಲ್ರಿ" ಎಂದಳು.

"ಕೇಳಿದಿಲ್ಲ?" ಎಂದಳು ಮೆಹರು. "ನೀ ಬಂದಿ, ಗಂಜಿ ಇಳೀತು. ಅಂದ ಮ್ಯಾಲ ನೀನ ನನ್ನ ದವಾ. ಪ್ರತೀ ಗುರುವಾರ ಬಾ, ನಾ ಹೆಂಗ ಸಾಯ್ತೇನಿ ನೋಡೂಣಂತ."

ಕ್ಲಾಸಿನಲ್ಲಿ ಲಾಜಿಕ್ ಎಂದರೆ ನನಗಿಂತ ಜಾಣೆ ಆಕೆ. ತಾನು ಏನು ಹೇಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನಿಂದ ಮನೆಮಂದಿಯ ವಾದಗಳನ್ನೆಲ್ಲ ಚಿಂದಿ ಮಾಡಿ ಬಂದ ನಾನು, "ಕರೆಕ್ಟ್. ಪ್ರೂವ್ಡ್" ಎಂದು ಒಪ್ಪಿಕೊಂಡೆ.

ಹೊಸ್ತಿಲು ದಾಟುವಾಗ ತಿರುಗಿ ನೋಡಿದೆ. ಕೈ ಎತ್ತಲಾರದೆ ಹುಬ್ಬು ಎತ್ತಿ, "ಗುರುವಾರ" ಎಂದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ, ಬುಧವಾರವೇ ಹೊರಟುಬಿಟ್ಟಳು. ಒಂದು ದಿನ ತಡೆದಿದ್ದರೆ ಖಂಡಿತ ಉಳಿಯುತ್ತಿದ್ದಳು ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಇದರಲ್ಲಿ ಫಾಲಸಿ ಎಲ್ಲಿದೆ ಎಂದು ನನಗೆ ಗೊತ್ತು. ತೋರಿಸಲು ಯಾರೂ ಬರಬೇಕಾಗಿಲ್ಲ.