ಕಾಕಾ ಕಲಿಸಿದ ನೀರಿನ ಪಾಠ

ನಮ್ಮ ಎದುರುಮನೆಯ ಕಾಕಾ ಮಕ್ಕಳನ್ನು ಮಕ್ಕಳೆಂದು ನೋಡಿದವರೇ ಅಲ್ಲ! ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ಸಂಜೆ ಮಾಳಮಡ್ಡಿಯ ಮನೆಗೆ ಮರಳಿದವರು, ಕೋಟು ಕೂಡ ತೆಗೆಯದೆ, ಅಂಗಳದಲ್ಲಿ ಆಡುತ್ತಿದ್ದ ನಮ್ಮನ್ನು ಹಿಡಿದು ನಿಲ್ಲಿಸುತ್ತಿದ್ದರು. ಆರೇಳು ವರ್ಷದ ನಮಗೆ ಅವರು ಕಲಿಸಹೊರಟಿದ್ದೇನು? ಅಣುವಿನೊಳಗಿನ ಬಂಧ ಬಿಡಿಸಲು ಎಷ್ಟು ಶಕ್ತಿ ಬೇಕೆಂಬುದನ್ನು!

ಹತ್ತಿ ವ್ಯಾಪಾರಿಯ ದಪ್ಪ ಮಗ ಆಮ್ಲಜನಕ. ಅವನ ಎರಡೂ ಕೈಗೆ ಜೋತುಬಿದ್ದ ಕಡ್ಡಿಯಂಥ ನಾನೂ ನನ್ನ ತಂಗಿಯೂ ಜಲಜನಕ. ಮೂವರೂ ಸೇರಿ ನೀರು. ಕಾಕಾನ ಹೆಂಡತಿ ಕಾಕು ಅಡುಗೆಮನೆಯಿಂದ ಇಣುಕಿ, ಇಷ್ಟೊಂದು ನೀರು ಮಾಡಿದ್ದೀರಲ್ಲ, ಬಚ್ಚಲ ಹಂಡೆಗೂ ಒಂದಿಷ್ಟು ಹಾಕಿ ಎಂದು ಹೇಳಿ ಒಳಗೆ ಹೋಗುತ್ತಿದ್ದರು.

ಹಂಡೆಯ ಮಾತು ಕೇಳಿ ತಂಗಿಗೆ ಸಂಶಯ ಬಂತು. ದಿನಾ ನೀರು ಕಾಯಿಸುತ್ತಾರಲ್ಲ, ಆಗ ಈ ಕೈ ಬಿಡುವುದಿಲ್ಲವೇ? ಕಾಕಾ ಸಂತೋಷಕ್ಕೆ ನೆಲದ ಮೇಲೇ ಕೂತುಬಿಟ್ಟರು.

"ಇಲ್ಲವ್ವಾ. ಉಗಿ ಆದ್ರೂ ಮೂವರೂ ಕೈ ಹಿಡಕೊಂಡೇ ಹಾರ್ತಾರ. ಆ ಕೈ ಬಿಡಸಬೇಕಂದ್ರ ಅದಕ್ಕಿಂತ ಭಾಳ ಶಕ್ತಿ ಬೇಕು."

ಎಷ್ಟೆಂದು ತೋರಿಸಲು ಒಂದು ದಿನ ತಾವೇ ನನ್ನನ್ನು ಹಿಡಿದು ಎಳೆದರು. ಆಮ್ಲಜನಕ ಬಿಡಬೇಕಲ್ಲ! ಕಾಕಾ ಮತ್ತೂ ಜಗ್ಗಿದರು. ಅವನ ಹೊಸ ಅಂಗಿಯ ತೋಳು ಪರ್ರೆಂದು ಹರಿಯಿತು, ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು, ಆಮ್ಲಜನಕ ಓಣಿಗೆಲ್ಲ ಕೇಳುವಂತೆ ಅತ್ತಿತು. ಬಂಧ ಮಾತ್ರ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ವ್ಯಾಪಾರಿ ಬಂದರು. ಕೂಗಾಡಲಿಲ್ಲ. "ಮಾಸ್ತರ, ನಿಮ್ಮ ವಿದ್ಯಾ ದೊಡ್ಡದೈತ್ರಿ. ನಮ್ಮ ಹುಡುಗ ಇನ್ನೂ ಸಣ್ಣಾವ ಅದಾನ" ಎಂದು ಕೈಮುಗಿದು ಹೋದರು. ಸುದ್ದಿ ಕೇಳಿ, ಎದುರುಮನೆಯಲ್ಲಿದ್ದ ನಮ್ಮನ್ನೂ ಅವ್ವ ಹೊರಗೆ ಬಿಡಲಿಲ್ಲ.

ಅಂದು ಸಂಜೆ ಕಾಕಾ ಬಂದಾಗ ಅಂಗಳ ಖಾಲಿ. ಅತ್ತಿತ್ತ ನೋಡಿ, ಸುಮ್ಮನೆ ಕಟ್ಟೆಯ ಮೇಲೆ ಕುಳಿತರು. ಕಿಟಕಿಯಿಂದ ನೋಡುತ್ತಿದ್ದ ನಮಗೇ ಅಳು ಬಂತು. ಆಗ ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಾವು ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು. ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ಕಾಕು! ಓಣಿ ಸಣ್ಣದು, ಮಾತು ನಮಗೂ ಕೇಳಿಸಿತು.

"ಆ ಕೈ ಬಿಡಸಾಕ ಶಕ್ತಿ ಬೇಕು, ಖರೇ. ಕೂಡುವಾಗ ಏನಾಗ್ತದರಿ?"

ಕಾಕಾ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು.

"ಬಿಸಿ ಹೊರಗ ಬರ್ತದ" ಎಂದರು.

ಕಾಕು ಅವರ ಪಕ್ಕದಲ್ಲೇ ಕುಳಿತರು. "ಹೇಳ್ರಿ, ಕೇಳ್ತೇನಿ."

ಒಲೆಯ ಮೇಲಿನ ಅನ್ನ ಸೀದ ವಾಸನೆ ನಮ್ಮ ಮನೆಯವರೆಗೂ ಬಂತು. ಅವರಿಬ್ಬರೂ ಏಳಲಿಲ್ಲ.