ಒಂದು ಇಂಚಿನ ಭಾನುವಾರ

೧೯೮೪ರ ನವೆಂಬರ್ ೨೫, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಾರ್ಬರ್ಟ್ ಪ್ರೂಸಾಕನ ಮನೆಯ ಕರೆಗಂಟೆ ಹೊಡೆದುಕೊಂಡಿತು. ಬಾಗಿಲಲ್ಲಿ ಮಾಂಸದಂಗಡಿಯ ಕ್ಲೆಮ್ ಯಾವೋರ್ಸ್ಕಿ ನಿಂತಿದ್ದ. ನಾಮಕರಣಕ್ಕೆ ತಂದ ಕೂಸಿನಂತೆ ಅವನು ಎದೆಗವಚಿಕೊಂಡಿದ್ದ ಪೊಟ್ಟಣದಿಂದ ಬೆಳ್ಳುಳ್ಳಿ ಹಾಕಿದ ಸಾಸೇಜಿನ ಪರಿಮಳ ಬರುತ್ತಿತ್ತು.

ಈ ಸಾಸೇಜಿಗೆ ಕಾರಣ, ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಟೊಲೀಡೊ ಹೆರನ್ಸ್‌ನ ಕೋಚ್ ಹಿಂದಿನ ಸಂಜೆ ರೇಡಿಯೊದಲ್ಲಿ ಆಡಿದ ಒಂದು ಮಾತು. ಹೆರನ್ಸ್ ಆ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಅಂಗಿಯ ಮೇಲಿನ ಕೊಕ್ಕರೆಯ ಚಿತ್ರವೂ ನಾಚಿಕೆಯಿಂದಲೇ ತಲೆ ತಗ್ಗಿಸಿದಂತೆ ಕಾಣುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದಾಗ ಕೋಚ್ ಹೇಳಿದ್ದ: “ನಮ್ಮ ಡಿಫೆನ್ಸ್ ಸುಧಾರಿಸಿದೆ ಕಣ್ರೀ. ಸೆಪ್ಟೆಂಬರಲ್ಲಿ ನಲವತ್ತು ಪಾಯಿಂಟ್ ಬಿಟ್ಟುಕೊಡ್ತಿದ್ದ ಹುಡುಗರು ಈಗ ಹತ್ತಕ್ಕೆ ನಿಲ್ಲಿಸ್ತಿದ್ದಾರೆ. ಕ್ವಾರ್ಟರ್‌ಬ್ಯಾಕ್ ಕಡೆಯಿಂದ ಕೊರತೆ ಆಗ್ತಿರೋದು ಒಂದೇ ಒಂದು ಇಂಚು.”

ಕೋಚ್ ಇದನ್ನು ಮಾತಿನ ಭರದಲ್ಲಿ ಹೇಳಿದ್ದ. ಲಗ್ರಾಂಜ್ ಬೀದಿಯವರು ಮಾತ್ರ ಅಕ್ಷರಶಃ ತೆಗೆದುಕೊಂಡರು. ಆಟದ ನಿಯಮ ಎಲ್ಲರಿಗೂ ಗೊತ್ತಿತ್ತು: ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಅನುಮಾನ ಬಂದಾಗ ಮೈದಾನದ ಅಂಚಿನಿಂದ ಇಬ್ಬರು ಓಡಿಬಂದು, ಎರಡು ಕೋಲುಗಳಿಗೆ ಕಟ್ಟಿದ ಹತ್ತು ಗಜದ, ಅಂದರೆ ಸರಿಯಾಗಿ ಮೂವತ್ತು ಅಡಿಯ, ಸರಪಳಿ ಎಳೆದು ಅಳೆಯುತ್ತಾರೆ. ಆ ಸರಪಳಿಯ ಮುಂದಿನ ಕೋಲು ಹನ್ನೆರಡು ವರ್ಷದಿಂದ ತಮ್ಮ ಬೀದಿಯ ನಾರ್ಬರ್ಟನ ಕೈಯಲ್ಲೇ ಇದೆ ಎಂಬ ಸಂಗತಿ ಇಡೀ ಬೀದಿಗೆ ಒಂದೇ ಸಂಜೆ ಹೊಳೆಯಿತು.

“ನಿಂಗೇ ತಂದೆ, ತಗೋ,” ಎಂದ ಕ್ಲೆಮ್.

“ಯಾಕೆ?”

“ಪ್ರೀತಿಗಪ್ಪಾ. ಪ್ರೀತಿಗೆ ಕಾರಣ ಬೇಕಾ?”

“ಹನ್ನೆರಡು ವರ್ಷ ಇಲ್ಲದ ಪ್ರೀತಿ!”

ಕ್ಲೆಮ್ ಧ್ವನಿ ತಗ್ಗಿಸಿದ. “ನೋಡು ನಾರ್ಬರ್ಟ್. ಕಾಲು ಔನ್ಸು ಹೆಚ್ಚುಕಮ್ಮಿ ಅಂತ ನನ್ನ ತಕ್ಕಡಿಗೆ ಕೆಂಪು ಚೀಟಿ ಅಂಟಿಸಿ ಹೋದೆ ನೀನು. ಕ್ರಿಸ್‌ಮಸ್ ವಾರದಲ್ಲಿ! ನಾನು ಏನಾದ್ರೂ ಅಂದ್ನಾ?”

“ಅಂದೆ. ನನ್ನ ಹೆಂಡತಿಯ ಎದುರಿಗೇ ಅಂದೆ.”

“ಆಯ್ತು, ಅಂದೆ. ಈಗ ಹೇಳ್ತಿದೀನಿ, ಕಾಲು ಔನ್ಸು ಹಿಡಿಯೋನಿಗೆ ಒಂದು ಇಂಚು ಬಿಡೋಕೆ ಆಗಲ್ವಾ?”

ನಾರ್ಬರ್ಟ್ ವಾರದ ಐದು ದಿನ ಜಿಲ್ಲೆಯ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕಿನ ಪಂಪು, ಬಟ್ಟೆಯಂಗಡಿಯ ಗಜಕಡ್ಡಿ, ಎಲ್ಲಕ್ಕೂ ಅವನದೇ ಮುದ್ರೆ. ಜನ ಅವನನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ಎದುರಿಗೆ ಸಿಕ್ಕರೆ ರಸ್ತೆ ದಾಟಿಬಿಡುತ್ತಿದ್ದರು. ಆದರೆ ಅವನು ಹೇಳಿದ ಅಳತೆಯನ್ನು ಯಾರೂ ಅನುಮಾನಿಸಿರಲಿಲ್ಲ. ಐವತ್ತೊಂದರ ವಯಸ್ಸಿಗೆ, ಸೋರುವ ಛಾವಣಿಯನ್ನೂ ನೋಯುವ ಮಂಡಿಯನ್ನೂ ಬಿಟ್ಟರೆ ಅವನ ಬಳಿ ಇದ್ದದ್ದು ಈ ಹೆಸರೊಂದೇ.

“ಸಾಸೇಜ್ ವಾಪಸ್ ತಗೊಂಡು ಹೋಗು,” ಎಂದ.

ಹಿಂದಿನಿಂದ ಹೆಂಡತಿ ಡೊಲೋರಿಸ್ ಕೈ ಚಾಚಿ ಪೊಟ್ಟಣ ತೆಗೆದುಕೊಂಡಳು. “ಗುರುವಾರದ ಹಬ್ಬದ ಕೋಳಿಯನ್ನ ಮೂರು ದಿನದಿಂದ ತಿಂತಿದೀನಿ ನಾರ್ಬಿ. ಇನ್ನೊಂದು ತುಂಡು ತಿಂದ್ರೆ ನನಗೇ ರೆಕ್ಕೆ ಬರುತ್ತೆ. ಥ್ಯಾಂಕ್ಸ್ ಕಣೋ ಕ್ಲೆಮ್.”

ಕ್ಲೆಮ್ ಕಣ್ಣು ಹೊಡೆದು ಮೆಟ್ಟಿಲಿಳಿದ. ಕೆಲಸ ಕೆಟ್ಟಿತು ಎಂದು ನಾರ್ಬರ್ಟನಿಗೆ ಆಗಲೇ ಅನಿಸಿತು.

ಚರ್ಚಿನಲ್ಲೂ ನೆಮ್ಮದಿಯಿರಲಿಲ್ಲ. ಫಾದರ್ ಗ್ರುಷ್ಕಾ ರೋಗಿಗಳಿಗಾಗಿ ಪ್ರಾರ್ಥಿಸಿದರು, ತೀರಿಕೊಂಡವರಿಗಾಗಿ ಪ್ರಾರ್ಥಿಸಿದರು, ಆಮೇಲೆ ಅದೇ ಉಸಿರಿನಲ್ಲಿ ಹೆರನ್ಸಿನ ಪರ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ರಿಕ್ ಡೆಲಾಹಂಟನ ಬಲಗೈಗಾಗಿ ಪ್ರಾರ್ಥಿಸಿದರು. ಸಭೆ ಹಿಂದಿನ ಎರಡಕ್ಕಿಂತ ಗಟ್ಟಿಯಾಗಿ ‘ಆಮೆನ್’ ಎಂದಿತು. ಡೆಲಾಹಂಟ್ ಆ ವರ್ಷದ ಮೂರನೆಯ ಕ್ವಾರ್ಟರ್‌ಬ್ಯಾಕ್. ಮೊದಲನೆಯವನು ಕಾರಿನ ಬಾಗಿಲಿಗೆ ಹೆಬ್ಬೆರಳು ಸಿಕ್ಕಿಸಿಕೊಂಡಿದ್ದ. ಎರಡನೆಯವನು ತನ್ನವರ ಬಣ್ಣ ಯಾವುದು, ಎದುರಾಳಿಯ ಬಣ್ಣ ಯಾವುದು ಎಂಬ ಭೇದವನ್ನು ಮೀರಿದ ಸಂತನಂತೆ ಎಲ್ಲರಿಗೂ ಸಮನಾಗಿ ಚೆಂಡು ಹಂಚುತ್ತಿದ್ದ. ಡೆಲಾಹಂಟ್ ಒಳ್ಳೆಯ ಹುಡುಗ, ಕಷ್ಟಪಡುತ್ತಿದ್ದ. ಅವನು ಎಸೆದ ಚೆಂಡು ಹೋದ ವಾರ ಬ್ಯಾಂಡಿನವನ ದೊಡ್ಡ ಕಹಳೆಯ ಬಾಯೊಳಗೆ ಹೋಗಿ ಕೂತಿತ್ತು, ಅಷ್ಟೆ.

ಬಾಗಿಲಲ್ಲಿ ಫಾದರ್ ನಾರ್ಬರ್ಟನ ಕೈ ಹಿಡಿದುಕೊಂಡರು. ಬಿಡಲಿಲ್ಲ.

“ನಾನು ಏನೂ ಕೇಳ್ತಿಲ್ಲ ನಾರ್ಬರ್ಟ್.”

“ಒಳ್ಳೇದು ಫಾದರ್.”

“ಕೇಳೋದು ತಪ್ಪಾಗುತ್ತೆ.”

“ಹೌದು ಫಾದರ್.”

“ಆದ್ರೆ ಜನ ತುಂಬ ಬಳಲಿದ್ದಾರೆ ಮಗಾ. ತುಂಬ.” ಅವರು ನಾರ್ಬರ್ಟನ ಹೆಬ್ಬೆರಳು ಮತ್ತು ತೋರುಬೆರಳನ್ನು ಹಿಡಿದು, ಎರಡರ ನಡುವೆ ಸುಮಾರು ಒಂದಿಂಚು ಜಾಗ ಬರುವಂತೆ ಬಿಡಿಸಿ, ಆಶೀರ್ವದಿಸಿದರು.

ಟಿಕೆಟ್ಟುಗಳೆಲ್ಲ ಖರ್ಚಾಗದಿದ್ದರೆ ಊರಿನ ಟಿವಿಯಲ್ಲಿ ಪಂದ್ಯ ತೋರಿಸುತ್ತಿರಲಿಲ್ಲ. ಹಾಗಾಗಿ ಬೀದಿಗೆ ಬೀದಿಯೇ ಕ್ರೀಡಾಂಗಣಕ್ಕೆ ಬಂತು. ಬಂದಮೇಲೂ ಟಿಕೆಟ್ಟುಗಳು ಖರ್ಚಾಗಲಿಲ್ಲ. ಸರೋವರದ ಕಡೆಯಿಂದ ಬೀಸುವ ಗಾಳಿ ಖಾಲಿ ಕುರ್ಚಿಗಳನ್ನು ಪಟಪಟನೆ ಬಡಿಯುತ್ತಿತ್ತು. ಇಷ್ಟು ಜಾಗವಿದ್ದರೂ ಕ್ಲೆಮ್ ಬಂದು ಕೂತದ್ದು ಸರಪಳಿಯವರ ಬೆನ್ನ ಹಿಂದಿನ ಮೊದಲ ಸಾಲಿನಲ್ಲೇ.

ಸರಪಳಿಯವರು ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ, ಹಲ್ಲು ಕಿರಿಯುವಂತಿಲ್ಲ. ನಾರ್ಬರ್ಟ್ ಹನ್ನೆರಡು ವರ್ಷ ಅಂಚೆಪೆಟ್ಟಿಗೆಯ ಮುಖ ಹೊತ್ತು ನಿಂತವನು. ಆವತ್ತು ಲೀಗಿನಿಂದ ಥ್ರಾಶರ್ ಎಂಬ ವೀಕ್ಷಕ ಬೇರೆ ಬಂದಿದ್ದ. ಮಳೆಕೋಟು, ಫ್ಲಾಸ್ಕು, ಮಾತಿಲ್ಲ.

“ಸಾಸೇಜ್ ನೆನಪಿದೆ ತಾನೇ ನಾರ್ಬರ್ಟ್!” ಎಂದು ಕ್ಲೆಮ್ ಹಿಂದಿನಿಂದ ಅರಚಿದ.

ಥ್ರಾಶರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ತಿರುಗಿ ನೋಡಿದ.

“ಯಾವ ಸಾಸೇಜು?” ಎಂದು ಸರಪಳಿಯ ಹಿಂದಿನ ಕೋಲು ಹಿಡಿದಿದ್ದ ಎವ್ರೆಟ್ ಪಿಟ್‌ಮನ್ ಪಿಸುಗುಟ್ಟಿದ. ಎವ್ರೆಟ್ ಸಿಟಿ ಬಸ್ಸಿನ ಡ್ರೈವರ್; ಯಾವುದಕ್ಕೂ ಗಾಬರಿಯಾಗುವವನಲ್ಲ.

“ಏನಿಲ್ಲ. ಬೆಳಿಗ್ಗೆ ಕೊಟ್ಟ.”

“ತಿಂದ್ಯಾ?”

“ಡೊಲೋರಿಸ್ ಹುರೀತಿದ್ದಳು.”

“ಹಂಗಾದ್ರೆ ಮುಗೀತು ಬಿಡು,” ಎಂದ ಎವ್ರೆಟ್.

ಹೆರನ್ಸ್ ಡಿಫೆನ್ಸ್ ಆವತ್ತು ನಿಜಕ್ಕೂ ಕಲ್ಲುಗೋಡೆಯಾಗಿತ್ತು. ಎದುರಾಳಿ ಒಮಾಹಾದವರು ಓಡಿದಲ್ಲೆಲ್ಲ ಯಾರಾದರೊಬ್ಬ ಅವರ ಮೇಲೆ ಬೀರುವಿನಂತೆ ಬೀಳುತ್ತಿದ್ದ. ಆದರೆ ಡಿಫೆನ್ಸ್ ಚೆಂಡು ಕಿತ್ತು ತಂದುಕೊಟ್ಟಾಗಲೆಲ್ಲ ಡೆಲಾಹಂಟ್ ಅದನ್ನು ಆದಷ್ಟು ಬೇಗ ಹಿಂದಿರುಗಿಸುತ್ತಿದ್ದ. ಅಡುಗೆಯವರು ಒಂದು ಕಡೆ ಬೇಯಿಸಿದ್ದನ್ನು ಬಡಿಸುವವನು ಇನ್ನೊಂದು ಕಡೆ ಚೆಲ್ಲುತ್ತಿದ್ದ ಹಾಗೆ.

ಎರಡನೆಯ ಕ್ವಾರ್ಟರಿನಲ್ಲಿ ಡೆಲಾಹಂಟ್ ನಾಲ್ಕನೆಯ ಪ್ರಯತ್ನಕ್ಕೆ ಚೆಂಡು ಹೊಟ್ಟೆಗವಚಿಕೊಂಡು ತಾನೇ ನುಗ್ಗಿ ಬಿದ್ದ. ಐದಾರು ಜನರ ರಾಶಿಯ ಅಡಿಯಿಂದ ಅವನ ಕೈಯೊಂದು ಹೊರಗೆ ಬಂತು. ರೆಫರಿ ಸರಪಳಿ ಕರೆದ.

ನಾರ್ಬರ್ಟ್ ಓಡಿದ. ಮಂಡಿ ಕಟಕಟ ಎಂದಿತು. ಎವ್ರೆಟ್ ಹಿಂದಿನ ಕೋಲು ಊರಿ ಹಿಡಿದ. ನಾರ್ಬರ್ಟ್ ಕಾಲೂರಿ ನಿಂತು, ಕೊಂಡಿಗಳು ಕಿರ್ರೆನ್ನುವವರೆಗೆ ಎಳೆದು, ಮುಂದಿನ ಕೋಲು ನೆಟ್ಟ. ಸಡಿಲ ಬಿಟ್ಟ ಎಂದು ಯಾವ ತಂಡದವರೂ ಹೇಳಬಾರದು ಎಂಬುದು ಅವನ ನಿಯಮ.

ಚೆಂಡಿನ ಮೂತಿ ಕೋಲಿಗೆ ಮುಟ್ಟಿರಲಿಲ್ಲ.

“ಎಷ್ಟು ಸಾರ್?” ಎಂದು ಡೆಲಾಹಂಟ್ ಕೇಳಿದ. ಅವನ ಹೆಲ್ಮೆಟ್ಟಿನ ಜಾಲರಿಯಲ್ಲಿ ಒಂದು ಹಿಡಿ ಹುಲ್ಲು ಸಿಕ್ಕಿಕೊಂಡಿತ್ತು.

“ಒಂದಿಂಚು.”

“ಯಾವಾಗ್ಲೂ ಒಂದಿಂಚು,” ಎಂದು ಅವನು ಯಾರನ್ನೂ ದೂರದೆ ಎದ್ದು ಹೋದ.

“ಕಾಲು ಔನ್ಸೂ!” ಎಂದು ಕ್ಲೆಮ್ ಎದೆ ಬಿರಿಯುವಂತೆ ಕೂಗಿದ. “ಸಾಸೇಜ್ ವಾಪಸ್ ಕೊಡೋ ದ್ರೋಹಿ!”

ನಾಲ್ಕನೆಯ ಕ್ವಾರ್ಟರು ಮುಗಿಯುತ್ತ ಬರುವ ಹೊತ್ತಿಗೆ ಹೆರನ್ಸ್ ಆರು, ಒಮಾಹಾ ಮೂರು. ಆರೂ ಡಿಫೆನ್ಸಿನ ದುಡಿಮೆಯ ಫಲ. ಜನಕ್ಕೆ ಸಂತೋಷಪಡುವ ಅಭ್ಯಾಸ ತಪ್ಪಿಹೋಗಿದ್ದರಿಂದ ಎಲ್ಲರೂ ಆಸ್ಪತ್ರೆಯ ಹೊರಗೆ ಕಾಯುವವರಂತೆ ಕೂತಿದ್ದರು. ಈಗ ಚೆಂಡು ಒಮಾಹಾದವರದು. ಪಾಯಿಂಟ್ ಗಳಿಸುವ ಗೆರೆ ಹತ್ತಿರದಲ್ಲೇ ಇದೆ. ಅವರಿಗೆ ನಾಲ್ಕನೆಯ ಪ್ರಯತ್ನ. ಅವರ ದಡೂತಿ ಆಟಗಾರ ನುಗ್ಗಿದ. ಹೆರನ್ಸಿನ ನಾಲ್ವರು ಅವನನ್ನು ಎತ್ತಿ, ಹಿಡಿದು, ಕೆಡವಿದರು. ರೆಫರಿ ಮತ್ತೆ ಸರಪಳಿ ಕರೆದ.

ಇಡೀ ಕ್ರೀಡಾಂಗಣ ಉಸಿರು ಹಿಡಿಯಿತು. ನಾರ್ಬರ್ಟ್ ನಡೆದುಕೊಂಡೇ ಹೋದ. ಮಂಡಿ ಓಡಲು ಒಪ್ಪಲಿಲ್ಲ. ಮೊದಲ ಸಲ ಎಷ್ಟು ಎಳೆದಿದ್ದನೋ ಈಗಲೂ ಅಷ್ಟೇ ಎಳೆದ. ಕೊಂಡಿಗಳು ಕಿರ್ರೆಂದವು. ಕೋಲು ನೆಟ್ಟ.

ಚೆಂಡು ಮತ್ತು ಕೋಲಿನ ನಡುವೆ ಒಂದಿಂಚು ಹಸಿರು ಹುಲ್ಲು.

ಚೆಂಡು ಹೆರನ್ಸಿಗೆ ಎಂದು ರೆಫರಿ ಕೈ ಚಾಚಿದ್ದೇ ತಡ, ಊರು ಸಿಡಿಯಿತು. ಉಳಿದ ಅರ್ಧ ನಿಮಿಷ ಯಾರಿಗೂ ನೆನಪಿಲ್ಲ. ಲಗ್ರಾಂಜ್ ಬೀದಿ ತಡೆಗೋಡೆ ಹಾರಿ ಮೈದಾನಕ್ಕಿಳಿಯಿತು. ಜನ ಡಿಫೆನ್ಸಿನವರನ್ನು ಎತ್ತಲು ನೋಡಿದರು, ಭಾರ ಜಾಸ್ತಿಯಾಯಿತು, ಅಲ್ಲೇ ನಿಂತಿದ್ದ ನಾರ್ಬರ್ಟನನ್ನು ಎತ್ತಿದರು.

“ಇಳಿಸ್ರೋ! ಲೀಗಿನವರು ನೋಡ್ತಿದ್ದಾರೆ! ಇಳಿಸ್ರೋ!”

“ನೋಡ್ಲಿ ಬಿಡು!” ಎಂದು ಕ್ಲೆಮ್ ಕಣ್ಣೀರು ಒರೆಸಿಕೊಂಡ. “ನಮ್ಮವನು! ಕೊನೆಗೂ ನಮ್ಮವನಾದ! ಮೊದಲು ನಮ್ಮ ಹುಡುಗನಿಗೆ ಒಂದಿಂಚು ಕೈಕೊಟ್ಟ ಹಾಗೆ ನಟನೆ ಮಾಡಿ, ಆಮೇಲೆ ಅವರಿಗೆ ಕೈಕೊಟ್ಟ ನೋಡು! ಏನು ತಲೆ!”

“ನಾನು ಏನೂ ಮಾಡಿಲ್ಲ. ಅಳತೆ ಸರಿಯಾಗಿತ್ತು!”

“ಹೌದೌದು, ಸರಿಯಾಗಿತ್ತು,” ಎಂದು ಹತ್ತು ಜನ ಹತ್ತು ಕಣ್ಣು ಹೊಡೆದರು. ಫಾದರ್ ಗ್ರುಷ್ಕಾ ದೂರದಿಂದಲೇ ಎರಡು ಬೆರಳು ಬಿಡಿಸಿ ತೋರಿಸಿದರು.

ಥ್ರಾಶರನ ಎದುರಿಗೇ ಅವನನ್ನು ಇಳಿಸಿದರು. ನಾರ್ಬರ್ಟ್ ಟೋಪಿ ಸರಿಮಾಡಿಕೊಂಡ. ಜೀವಮಾನದಲ್ಲಿ ಮೊದಲ ಸಲ ಜನ ಅವನನ್ನು ಅಪ್ಪಿಕೊಳ್ಳುತ್ತಿದ್ದರು, ಅದೂ ಅವನು ಮಾಡದ ಮೋಸಕ್ಕಾಗಿ. ನಾಳೆ ಯಾವ ಅಂಗಡಿಗೆ ಹೋಗಿ ಯಾವ ತಕ್ಕಡಿ ಮುಟ್ಟಿದರೂ ಅವರು ಹೀಗೇ ಕಣ್ಣು ಹೊಡೆಯುತ್ತಾರೆ.

“ಮಿಸ್ಟರ್ ಥ್ರಾಶರ್, ಅವರ ಮಾತು ಕೇಳಬೇಡಿ. ಆ ಸಾಸೇಜು—”

“ಇರಲಿ ಬಿಡಿ ಮಿಸ್ಟರ್ ಪ್ರೂಸಾಕ್,” ಎಂದ ಥ್ರಾಶರ್. ಆವತ್ತು ಅವನು ಆಡಿದ ಮೊದಲ ಮಾತದು. “ಎರಡು ಸಲವೂ ನಾನು ಪಕ್ಕದಲ್ಲೇ ನಿಂತು ನೋಡಿದೆ. ಎರಡು ಸಲವೂ ಒಂದೇ ಥರ ಎಳೆದಿರಿ. ನನಗೆ ನಿಮ್ಮ ಮಾತು ಸಾಕು. ವಿಮಾನಕ್ಕೆ ಹೊತ್ತಾಯಿತು.”

“ಸಾಕಾಗಲ್ಲ,” ಎಂದ ನಾರ್ಬರ್ಟ್.

“ಏನು?”

“ಮಾತು ಸಾಕಾಗಲ್ಲ. ನಂದು ಮಾತಿನ ಕೆಲಸ ಅಲ್ಲ. ಎವ್ರೆಟ್, ಸರಪಳಿ ಹಾಸು. ಈ ಜನರ ಕಣ್ಣೆದುರಿಗೇ ಅದನ್ನ ಅಳೀಬೇಕು.”

ಎವ್ರೆಟ್ ಅವನ ತೋಳು ಹಿಡಿದ. “ಮಾರಾಯಾ, ಗೆದ್ದಿದೀವಿ. ಆ ಮನುಷ್ಯ ಹೋಗ್ತಿದ್ದಾನೆ. ಮನೆಗೆ ನಡಿ, ಸಾಸೇಜ್ ಆರಿಹೋಗುತ್ತೆ.”

“ಹಾಸು ಅಂದೆ.”

ಕಾರಿನಿಂದ ನಾರ್ಬರ್ಟ್ ಇಲಾಖೆಯ ಉಕ್ಕಿನ ಟೇಪು ತಂದ. ಜನ ಸುತ್ತ ಸೇರಿದರು. ಕ್ಲೆಮ್ ಮುಂದಿನ ಸಾಲಿನಲ್ಲಿದ್ದ. ಸ್ನಾನ ಮಾಡಿ ಹೊರಟಿದ್ದ ಡೆಲಾಹಂಟ್ ಕೂಡ ಏನಿದು ಗುಂಪು ಎಂದು ಹೆಗಲ ಚೀಲದೊಂದಿಗೆ ಬಂದು ನಿಂತ. ಥ್ರಾಶರ್ ಗಡಿಯಾರ ನೋಡಿ ನಿಟ್ಟುಸಿರುಬಿಟ್ಟು ಟೇಪಿನ ಸೊನ್ನೆಯ ತುದಿ ಹಿಡಿದುಕೊಂಡ.

ನಾರ್ಬರ್ಟ್ ಮಂಡಿಯೂರಿ, ಕನ್ನಡಕ ಮೂಗಿಗೇರಿಸಿ, ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ. ಎದ್ದು ಹೋಗಿ ಥ್ರಾಶರನ ಬೆರಳ ಕೆಳಗೆ ಸೊನ್ನೆ ಸರಿಯಾಗಿ ಕೂತಿದೆಯೇ ಎಂದು ನೋಡಿದ, ಕೂತಿತ್ತು. ಹಿಂದಿರುಗಿ ಬರುತ್ತ ಸರಪಳಿಯನ್ನು ಬೆರಳಲ್ಲಿ ತಡವಿದ. ಒಂದು ಕಾಲಕ್ಕೆ ದುಂಡಗಿದ್ದ ಕೊಂಡಿಗಳು ಹನ್ನೆರಡು ವರ್ಷದ ಎಳೆತಕ್ಕೆ ಒಂದೊಂದೂ ಬಾದಾಮಿಯ ಆಕಾರಕ್ಕೆ ಬಂದಿದ್ದವು.

“ಏನಾಯ್ತೋ?” ಎಂದ ಕ್ಲೆಮ್. ಅವನು ಈಗ ಕಣ್ಣು ಹೊಡೆಯುತ್ತಿರಲಿಲ್ಲ.

ಒಮಾಹಾದವರ ಬಸ್ಸು ಗೇಟು ದಾಟುವ ಸದ್ದು ಕೇಳಿಸಿತು. ‘ಮೂವತ್ತು ಅಡಿ’ ಎಂದಷ್ಟೇ ಹೇಳಿದರೆ ಇಡೀ ಬೀದಿ ಸಂತೋಷವಾಗಿ ಮನೆಗೆ ಹೋಗುತ್ತಿತ್ತು, ಥ್ರಾಶರನಿಗೆ ವಿಮಾನ ಸಿಗುತ್ತಿತ್ತು. ನಾರ್ಬರ್ಟ್ ಮೂರನೆಯ ಸಲ ಬಗ್ಗಿದ. ಟೇಪು ಮೊದಲಿನದನ್ನೇ ಹೇಳಿತು.

ಗುಂಪಿನೊಳಗಿಂದ ಡೆಲಾಹಂಟ್ ಮೆಲ್ಲಗೆ ಕೇಳಿದ: “ಎಷ್ಟು ಸಾರ್?”

“ಮೂವತ್ತು ಅಡಿ,” ಎಂದ ನಾರ್ಬರ್ಟ್, “ಒಂದೂಮುಕ್ಕಾಲು ಇಂಚು.”